ಮಠಕ್ಕೆ ಹೋದ ಹೊಸ ನಾರಿನ ಪುಡಿ

ನಾಲ್ಕು ವರ್ಷದ ಹಿಂದಿನ ಮಾತು. ಕಡೂರಿನ ಹೊರವಲಯದ ಒಂದು ಪಾಲಿಟೆಕ್ನಿಕ್ಕಿನಲ್ಲಿ ನಾನು ಕಾಂಕ್ರೀಟ್ ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಮುಖ್ಯಸ್ಥೆ ಎನ್ನುವ ಪದ ಕೇಳಿ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಒಂದು ಉದ್ದನೆಯ ಷೆಡ್ಡು, ಅದರೊಳಗೆ ನೀರಿನ ತೊಟ್ಟಿ, ತೂಕದ ಯಂತ್ರ, ಒಂದಷ್ಟು ಜರಡಿಗಳು ಮತ್ತು ಕಂಪ್ರೆಷನ್ ಯಂತ್ರವೆಂಬ ನನ್ನ ಮುದ್ದಿನ ರಾಕ್ಷಸ. ಕಟ್ಟಡದವರು ತಂದ ಕಾಂಕ್ರೀಟ್ ತುಂಡನ್ನು ಆ ಯಂತ್ರದ ಬಾಯಿಗಿಟ್ಟು ಒಡೆಯುವ ತನಕ ಅದುಮುವುದು, ಎಷ್ಟು ಭಾರಕ್ಕೆ ಒಡೆಯಿತೆಂದು ಬರೆದುಕೊಡುವುದು ನನ್ನ ಕೆಲಸ. ಉಳಿದ ಎಂಜಿನಿಯರುಗಳು ಕಟ್ಟಿ ಸಂಬಳ ತೆಗೆದುಕೊಂಡರೆ ನಾನು ಒಡೆದು ತೆಗೆದುಕೊಂಡೆ. ಯಾರ ಮುಖವನ್ನೂ ನೋಡದೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೆನಾದ್ದರಿಂದ ಕಂಟ್ರ್ಯಾಕ್ಟರುಗಳಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ.

ಆ ವರ್ಷ ದಸರಾ ರಜೆ ಮುಗಿದ ವಾರ ಒಬ್ಬ ಹೆಂಗಸು ಯಗಟಿ ಕಡೆಯ ಬಸ್ಸಿಳಿದು, ಏನೋ ತುಂಬಿದ ಹಳೆಯ ಸಿಮೆಂಟ್ ಚೀಲವೊಂದನ್ನು ಕಂಕುಳಲ್ಲಿಟ್ಟುಕೊಂಡು ಷೆಡ್ಡಿಗೆ ಬಂದರು. ಐವತ್ತರ ಆಸುಪಾಸಿನ ವಯಸ್ಸು, ಹಣೆಯಲ್ಲಿ ವಿಭೂತಿ, ನಡಿಗೆಯಲ್ಲಿ ಅವಸರ. ಹೆಸರು ಪಾರ್ವತಮ್ಮ. ಯಗಟಿಯಾಚೆಯ ಒಂದು ಹಳ್ಳಿಯಲ್ಲಿ ತೆಂಗಿನ ನಾರಿನ ಕಾರ್ಖಾನೆ ನಡೆಸುತ್ತಿದ್ದರು. ಪರಿಚಯ ಮಾಡಿಕೊಳ್ಳುತ್ತಲೇ ಚೀಲದ ಬಾಯಿ ಬಿಚ್ಚಿ ನನ್ನ ಮೇಜಿನ ಮೇಲೆ ಒಂದಷ್ಟು ಸುರುವಿದರು. ಕಪ್ಪಗಿನ ಹಗುರ ಪುಡಿ ಹಾರಿ ನನ್ನ ಕನ್ನಡಕದ ಮೇಲೂ ಕೂತಿತು.

"ಇದನ್ನ ಸಿಮೆಂಟಿಗೆ ಸೇರ್ಸಿ ಇಟ್ಟಿಗೆ ಮಾಡ್ಬೋದು ಅಂತ ಮೊಬೈಲ್ನಾಗೆ ನೋಡ್ದೆ. ನಿಜವೋ ಸುಳ್ಳೋ ಹೇಳಿ ಮೇಡಮ್ಮೋರೇ," ಎಂದರು.

"ಮೊದ್ಲು ಮೇಜು ಒರೆಸಿ. ಆಮೇಲೆ ಹೇಳ್ತೀನಿ," ಎಂದೆ.

ಅವರು ಸೆರಗಿನಲ್ಲೇ ಒರೆಸಿ, ಕುರ್ಚಿಯೆಳೆದು ಕೂತು, ತಮ್ಮ ಸಂಕಟ ಹೇಳಿಕೊಂಡರು. ತೆಂಗಿನ ಮಟ್ಟೆಯನ್ನು ಯಂತ್ರಕ್ಕೆ ಹಾಕಿದರೆ ನಾರು ಒಂದು ಕಡೆ ಬರುತ್ತದೆ, ಪುಡಿ ಇನ್ನೊಂದು ಕಡೆ ಬೀಳುತ್ತದೆ. ನಾರಿಗೆ ಗಿರಾಕಿಗಳಿದ್ದಾರೆ. ಪುಡಿಯನ್ನು ನರ್ಸರಿಯವರು ಕೊಳ್ಳುವುದುಂಟು, ಆದರೆ ಅವರಿಗೆ ಚೆನ್ನಾಗಿ ತೊಳೆದದ್ದೇ ಆಗಬೇಕು. ಕುಡಿಯುವ ನೀರಿಗೇ ಬೋರ್‌ವೆಲ್ ಮುಂದೆ ಕಾಯುವ ಊರಿನಲ್ಲಿ ಪುಡಿ ತೊಳೆಯಲು ನೀರೆಲ್ಲಿಂದ ತರುವುದು? ಹಾಗಾಗಿ ಅದು ವರ್ಷಗಟ್ಟಲೆ ಕಾರ್ಖಾನೆಯ ಹಿಂದೆ ಬಿದ್ದು ಗುಡ್ಡವಾಗಿತ್ತು. ಗಾಳಿ ಬೀಸಿದರೆ ಊರವರ ಅನ್ನದ ತಟ್ಟೆಗೆ ಪುಡಿ, ಮಳೆ ಬಂದರೆ ದನ ಕುಡಿಯುವ ಕಟ್ಟೆಗೆ ಚಹಾದಂಥ ಕೆಂಪು ನೀರು. ಊರವರು ಜಗಳಕ್ಕೆ ಬಂದಿದ್ದರು. ಯುಗಾದಿಯೊಳಗೆ ಗುಡ್ಡ ಕರಗಲು ಶುರುವಾಗಬೇಕು, ಇಲ್ಲದಿದ್ದರೆ ಕಾರ್ಖಾನೆಗೆ ಬೀಗ ಎಂದು ಪಂಚಾಯಿತಿಯವರು ಖಡಾಖಂಡಿತವಾಗಿ ಹೇಳಿದ್ದರು.

"ಊರೋರ ಮೇಲೆ ನಂಗೆ ಸಿಟ್ಟಿಲ್ಲ ಮೇಡಮ್ಮೋರೇ. ಕಟ್ಟೆ ನೀರು ನಮ್ಮ ಎಮ್ಮೇನೂ ಕುಡಿಯಕಿಲ್ಲ," ಎಂದರು ಪಾರ್ವತಮ್ಮ. "ಆದ್ರೆ ಬೀಗ ಹಾಕುದ್ರೆ ನಮ್ಮ ಇಪ್ಪತ್ತು ಹೆಣ್ಮಕ್ಳು ಎಲ್ಲಿಗೋಗ್ಬೇಕು?"

ನನ್ನ ಮೊದಲ ಉತ್ತರ ಆಗುವುದಿಲ್ಲ ಎಂದೇ ಇತ್ತು. ಮೊಬೈಲಿನಲ್ಲಿ ನೋಡಿ ಬಂದವರೆಂದರೆ ನನಗೆ ಮೊದಲಿಂದಲೂ ಅಲರ್ಜಿ. ಆದರೆ ಊರವರ ಮೇಲೆ ಸಿಟ್ಟಿಲ್ಲ ಎಂದರಲ್ಲ, ಆ ಮಾತು ಮನಸ್ಸಿಗೆ ನಾಟಿತು. ಚೀಲ ಇಟ್ಟು ಹೋಗಿ ಎಂದೆ.

ಇಲ್ಲಿ ಎರಡು ಮಾತು ವಿವರಿಸಬೇಕು. ಹಗುರ ಕಾಂಕ್ರೀಟ್ ಎಂದರೆ ಮರಳು, ಜಲ್ಲಿಯ ಒಂದು ಪಾಲನ್ನು ತೆಗೆದು ಅಲ್ಲಿಗೆ ತೂಕವಿಲ್ಲದ ವಸ್ತು ಸೇರಿಸಿ ಮಾಡಿದ ಕಾಂಕ್ರೀಟ್. ಮಾಮೂಲಿ ಸಾಲಿಡ್ ಬ್ಲಾಕು ಎತ್ತಲು ಗಟ್ಟಿ ರಟ್ಟೆ ಬೇಕು. ಹಗುರದ್ದನ್ನು ಯಾರಾದರೂ ಎತ್ತಿಯಾರು. ಮನೆಯ ಭಾರ ಹೊರುವ ಗೋಡೆಗೆ ಅದು ನಡೆಯುವುದಿಲ್ಲ, ಕೋಣೆ ಕೋಣೆಯ ನಡುವಿನ ಅಡ್ಡಗೋಡೆಗೆ ಧಾರಾಳವಾಗಿ ಸಾಕು. ಇನ್ನು ಸಿಮೆಂಟಿನ ಸ್ವಭಾವ. ಅದು ಒಣಗಿ ಗಟ್ಟಿಯಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ನೀರಿನೊಂದಿಗೆ ಸೇರಿ ಒಳಗೊಳಗೇ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಅದಕ್ಕೇ ಇಪ್ಪತ್ತೆಂಟು ದಿನ ನೀರುಣಿಸಿ, ಆಮೇಲೆ ಒಡೆದು ನೋಡುವುದು ಪದ್ಧತಿ.

ನಾನು ಮತ್ತು ನನ್ನ ಲ್ಯಾಬ್ ಸಹಾಯಕರು ಪುಡಿಯನ್ನು ಜರಡಿ ಹಿಡಿದು, ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಬ್ಲಾಕು ಹಾಕಿದೆವು. ಪುಡಿ ಹೆಚ್ಚಾದವು ಬಿಸ್ಕತ್ತಿನಂತೆ ಒಡೆದವು, ಕಡಿಮೆಯಾದವು ಹಗುರವಾಗಲಿಲ್ಲ. ನಡುವಿನ ಒಂದು ಪ್ರಮಾಣ ಮಾತ್ರ ನಾನು ಅಡ್ಡಗೋಡೆಗೆಂದು ಇಟ್ಟುಕೊಂಡಿದ್ದ ಗುರಿಯನ್ನು ದಾಟಿ ನಿಂತಿತು. ಅನುಮಾನವಾಗಿ, ಪಾರ್ವತಮ್ಮನಿಂದ ಇನ್ನೊಂದು ಚೀಲ ತರಿಸಿ ಮತ್ತೆ ಹಾಕಿದೆ. ಮತ್ತೆ ನಿಂತಿತು. ಆ ದಿನ ನನಗೇ ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷ ಒಡೆದವಳಿಗೆ ಒಂದು ಹೊಸ ವಸ್ತು ಕಟ್ಟುವ ಯೋಗ ಬಂದಿತ್ತು.

ಬ್ಲಾಕು ಮಾಡಿದರೆ ಸಾಲದು, ಕೊಳ್ಳುವವರು ಬೇಕಲ್ಲ. ತರೀಕೆರೆಯ ಕಂಟ್ರ್ಯಾಕ್ಟರ್ ತಿಪ್ಪೇಶಪ್ಪ ಆಗ ಅಜ್ಜಂಪುರದಲ್ಲಿ ಒಂದು ಮಠದ ವಿದ್ಯಾರ್ಥಿನಿಲಯದ ಕೆಲಸ ಹಿಡಿದಿದ್ದರು. ಹಳೆಯ ಕಟ್ಟಡದ ಮಹಡಿಯ ಹಜಾರವನ್ನು ಕೋಣೆಗಳಾಗಿ ವಿಂಗಡಿಸಬೇಕಿತ್ತು. ಕೆಳಗಿನ ಆರ್‌ಸಿಸಿ ಚಾವಣಿ ಹಳೆಯದು, ಭಾರದ ಗೋಡೆ ತಡೆಯುವಂತಿರಲಿಲ್ಲ. ನಾನು ನಮ್ಮ ಬ್ಲಾಕೊಂದನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಒಂದೇ ಕೈಯಲ್ಲಿ ಹಿಡಿದು ತೂಗಿದರು, ಮೂಸಿದರು, ಉಗುರಲ್ಲಿ ಕೆರೆದರು.

"ಹಗುರ ಏನೋ ಐತೆ ಮೇಡಂ. ನಾಳೆ ಹೆಗ್ಗಣ ಬಂದು ತಿಂದ್ಬಿಟ್ರೆ?"

"ನಿಮ್ಮ ಹಿಂದಿನ ಕೆಲಸದ ಕಾಂಕ್ರೀಟನ್ನೇ ಹೆಗ್ಗಣ ತಿನ್ಲಿಲ್ಲ, ಇದನ್ನ ತಿನ್ನುತ್ತಾ?" ಎಂದೆ.

ಅವರು ಗಹಗಹಿಸಿ ನಕ್ಕು, ಸೈಟಿನಲ್ಲೇ ತಮ್ಮ ಯಂತ್ರದಲ್ಲಿ ಒಂದು ಕಂತು ಬ್ಲಾಕು ಹಾಕಿಸಿ ನೋಡಲು ಒಪ್ಪಿದರು. ಚೆನ್ನಾಗಿ ಬಂದರೆ ಈ ಕೆಲಸಕ್ಕೂ ಮುಂದಿನ ಕೆಲಸಗಳಿಗೂ ಪುಡಿಯನ್ನು ಟ್ರ್ಯಾಕ್ಟರುಗಟ್ಟಲೆ ಎತ್ತುವುದಾಗಿ ಮಾತು ಕೊಟ್ಟರು. ಸುದ್ದಿ ತಿಳಿಸಿದಾಗ ಪಾರ್ವತಮ್ಮ ಮಠದ ಹೆಸರನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಆಮೇಲೆ, "ನಮ್ಮ ಮಠ ಕಣ್ರೀ ಅದು. ನಮ್ಮ ತಾತನ ಕಾಲದಿಂದ ನಡ್ಕೊಂಡಿರೋ ಮಠ," ಎಂದರು.

ಸಂಕ್ರಾಂತಿ ಕಳೆದ ಮೇಲೆ ಬ್ಲಾಕು ಹಾಕಿದರು. ನನಗೆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪರೀಕ್ಷೆಯ ಕೆಲಸವಿದ್ದು ಹೋಗಲಾಗಲಿಲ್ಲ. ಅಳತೆಗಳನ್ನು ಬರೆದುಕೊಟ್ಟು ಸುಮ್ಮನಾಗಿದ್ದೆ. ಐದಾರು ದಿನಕ್ಕೆ ತಿಪ್ಪೇಶಪ್ಪನ ಫೋನು.

"ಮೇಡಂ, ನಿಮ್ಮ ಬ್ಲಾಕು ಮೈಸೂರು ಪಾಕು ಆಗೈತೆ. ಬಂದು ತಿಂದ್ಕೊಂಡು ಹೋಗಿ."

ರಜೆ ಹಾಕಿ ಬೀರೂರಿನ ಮೇಲೆ ಅಜ್ಜಂಪುರದ ಬಸ್ಸು ಹಿಡಿದೆ. ಸೈಟಿಗೆ ಹೋದವಳೇ ಬ್ಲಾಕುಗಳ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಹೆಬ್ಬೆರಳಲ್ಲಿ ಒತ್ತಿದರೆ ಅಂಚು ಪುಡಿಯಾಗಿ ಉದುರುತ್ತಿತ್ತು. ಒಂದನ್ನು ಎತ್ತಲು ಹೋದೆ, ನಡುವಿಗೆ ಮುರಿದು ಕಾಲ ಬಳಿ ಬಿತ್ತು. ಪಾರ್ವತಮ್ಮ ನನಗಿಂತ ಮೊದಲೇ ಬಂದು ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದರು.

ನನಗೆ ಮೊದಲು ಬಂದ ಯೋಚನೆ, ತಿಪ್ಪೇಶಪ್ಪ ಸಿಮೆಂಟ್ ಕಡಿಮೆ ಹಾಕಿ ಉಳಿಸಿಕೊಂಡಿದ್ದಾರೆ ಎನ್ನುವುದು. ಇಷ್ಟು ವರ್ಷದ ಅನುಭವದಲ್ಲಿ ಮೆತ್ತಗಿನ ಕಾಂಕ್ರೀಟಿನ ಹಿಂದೆ ಹತ್ತಕ್ಕೆ ಎಂಟು ಸಲ ಅದೇ ಇರುತ್ತದೆ. ಹಾಗಂತ ಮುಖಕ್ಕೇ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ನನ್ನನ್ನು ಕಟ್ಟಡದ ಹಿಂಬದಿಗೆ ಕರೆದೊಯ್ದರು. ಅದೇ ದಿನ, ಅದೇ ಲೋಡಿನ ಸಿಮೆಂಟು, ಕಲ್ಲು ಅರೆದು ಮಾಡಿದ ಅದೇ ಎಂ-ಸ್ಯಾಂಡ್ ಮರಳಿನಲ್ಲಿ ಹಾಕಿದ ಮಾಮೂಲಿ ಬ್ಲಾಕುಗಳು ಅಲ್ಲಿದ್ದವು. ಸುತ್ತಿಗೆಯಿಂದ ತಟ್ಟಿದೆ. ಟಣ್ ಎಂದವು.

"ಈಗೇನಂತೀರಿ?" ಎಂದರು ತಿಪ್ಪೇಶಪ್ಪ. "ಮಠದ ಕೆಲಸದಾಗೆ ಕದಿಯೋ ಅಷ್ಟು ನಾನು ಕೆಟ್ಟಿಲ್ಲ. ಪುಡೀಲೇ ಏನೋ ಐತೆ. ಅಮ್ಮಾ, ನಿಮ್ಮ ಚೀಲ ತುಂಬ್ಕೊಂಡು ಹೊರಡಿ."

ಪಾರ್ವತಮ್ಮ ಬಗ್ಗಿ, ಉಳಿದಿದ್ದ ಪುಡಿಯ ಚೀಲದ ಬಾಯಿ ಕಟ್ಟತೊಡಗಿದರು. ಅಳತೆ ನನ್ನದು, ಎರಡು ಸಲ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೂರನೇ ಸಲಕ್ಕೆ ಸಿಮೆಂಟು ತನ್ನ ಧರ್ಮ ಬಿಡುವುದುಂಟೇ? ಬರಿಗೈಯಲ್ಲಿ ಬಸ್ಸು ಹತ್ತುವುದಿಲ್ಲವೆಂದು ನಿರ್ಧರಿಸಿ, ಆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದೆ. ಬಿಸಿಲಿಗೆ ಹಿಡಿದೆ. ಅದು ಹೊಂಬಣ್ಣದ್ದಾಗಿತ್ತು. ಎಳನೀರಿನ ಮಟ್ಟೆ ಕೆತ್ತಿದಾಗ ಬರುವಂಥ ಹಸಿ ವಾಸನೆ ಬಂತು. ನನ್ನ ಮೇಜಿನ ಮೇಲೆ ಸುರುವಿದ್ದು ಕಪ್ಪು ಪುಡಿ, ಅದರಲ್ಲಿ ಮಣ್ಣಿನ ವಾಸನೆ ಇತ್ತು.

"ಪಾರ್ವತಮ್ಮ, ಇದು ಎಲ್ಲಿಂದ ತುಂಬಿಸಿದ್ದು?"

"ಯಂತ್ರದ ಬಾಯಿಂದ್ಲೇ ಮೇಡಮ್ಮೋರೇ. ಹೊಸಾದು."

"ಲ್ಯಾಬಿಗೆ ತಂದಿದ್ದು?"

"ಅದು ಗುಡ್ಡದ ಬುಡದ್ದು. ಹಳೇದು." ಅವರು ನನ್ನ ಮುಖ ನೋಡಿದರು. "ಪರೀಕ್ಷೆ ಮಾಡಾಕೆ ಯಾವ್ದಾದ್ರೇನು ಅಂತ ತಂದಿದ್ದೆ. ಇದು ಮಠಕ್ಕೆ ಕಣ್ರೀ. ಹೊಸ ರಾಗಿ ಬಂದ್ರೆ ಮೊದ್ಲು ಮಠಕ್ಕೆ, ಹೊಸ ಕಾಯಿ ಕಿತ್ರೆ ಮೊದ್ಲು ಮಠಕ್ಕೆ. ನಾಯಿ ಮಲಗೆದ್ದ ಹಳೇ ಪುಡಿ ಕಳ್ಸಕಾಯ್ತದಾ? ಕೈಯಾರೆ ಮೂರು ಸಲ ಜರಡಿ ಹಿಡ್ದು ಕಳ್ಸಿವ್ನಿ."

ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ಮಠಕ್ಕೆ ನಡೆದುಕೊಳ್ಳುವವರ ರೀತಿನೀತಿ ನನಗೆ ದೂರದಿಂದ ಕಂಡದ್ದಷ್ಟೇ. ಹೀಗೊಂದು ಆದೀತೆಂದು ಕನಸಿನಲ್ಲೂ ಹೊಳೆದಿರಲಿಲ್ಲ. ಎರಡು ಗಾಜಿನ ಲೋಟ ತರಿಸಿದೆ. ಹೋಲಿಸಿ ನೋಡಲು ಬೇಕಾದೀತೆಂದು ಲ್ಯಾಬಿನಲ್ಲಿ ಉಳಿದಿದ್ದ ಹಳೆಯ ಪುಡಿಯ ಪೊಟ್ಟಣವೊಂದನ್ನು ಬ್ಯಾಗಿನಲ್ಲಿ ತಂದಿದ್ದೆ. ಒಂದರಲ್ಲಿ ಹೊಸತು, ಇನ್ನೊಂದರಲ್ಲಿ ಹಳತು ನೆನೆಹಾಕಿ ಕಾಯುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ಹೊಸ ಪುಡಿಯ ನೀರು ಕಡಕ್ ಚಹಾ ಆಯಿತು. ಹಳೆಯದರ ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಉಳಿಯಿತು.

ಹೊಸ ಮಟ್ಟೆಯ ಪುಡಿಯಲ್ಲಿ ಟ್ಯಾನಿನ್ ಎನ್ನುವ ಒಗರು ಪದಾರ್ಥವೂ ಸಕ್ಕರೆಯ ಅಂಶವೂ ಇರುತ್ತವೆ. ಇವೆರಡೂ ಸಿಮೆಂಟ್ ಗಟ್ಟಿಯಾಗದಂತೆ ತಡೆಯುತ್ತವೆ. ಸಕ್ಕರೆ ಬಿದ್ದರೆ ಸಿಮೆಂಟ್ ಕೆಡುತ್ತದೆಂದು ಗಾರೆಯವರಿಗೂ ಗೊತ್ತು. ಗುಡ್ಡದ ಬುಡದ ಪುಡಿಯನ್ನು ಎಷ್ಟೋ ಮಳೆಗಾಲಗಳು ತೊಳೆದಿದ್ದವು. ಯಾವ ಕೆಂಪು ನೀರಿಗಾಗಿ ಊರವರು ಜಗಳ ತೆಗೆದಿದ್ದರೋ ಆ ನೀರಿನೊಂದಿಗೆ ನಮ್ಮ ಶತ್ರುವೂ ಹರಿದುಹೋಗಿತ್ತು. ತಿಪ್ಪೇಶಪ್ಪನಿಗೆ ಎರಡೂ ಲೋಟ ತೋರಿಸಿ ವಿವರಿಸಿದೆ. ಅವರು ಲೋಟಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದರು.

"ಇನ್ನೊಂದು ಸಲ ಹಾಕಿಸ್ತೀನಿ. ಇದೇ ಕಡೇದು," ಎಂದರು.

ಗೆದ್ದೆ ಎಂದುಕೊಂಡು ಪಾರ್ವತಮ್ಮನ ಕಡೆ ತಿರುಗಿದರೆ ಅವರು ತಲೆಯಾಡಿಸುತ್ತಿದ್ದರು.

"ಬ್ಯಾರೆ ಯಾರ ಮನೆಗಾದ್ರೂ ಹಾಕಿ ಮೇಡಮ್ಮೋರೇ. ಮಠಕ್ಕೆ ತಿಪ್ಪೆ ಕೊಡಾಕೆ ನನ್ನ ಕೈಯಾಗಲ್ಲ. ಬೇಕಾದ್ರೆ ಬೀಗ ಬೀಳ್ಲಿ."

ನನಗೆ ಕೋಪ ನೆತ್ತಿಗೇರಿತು. ಯುಗಾದಿಗೆ ಎರಡು ತಿಂಗಳೂ ಉಳಿದಿರಲಿಲ್ಲ, ಇಪ್ಪತ್ತೆಂಟು ದಿನ ನೀರುಣಿಸುವುದಕ್ಕೇ ಬೇಕು, ಬೇರೆ ಗಿರಾಕಿಯನ್ನು ಎಲ್ಲಿಂದ ಹುಡುಕುವುದು? ಆದರೆ ಈ ಹೆಂಗಸನ್ನು ಬೈದು ಒಪ್ಪಿಸಲಾಗದು ಎಂಬುದಂತೂ ಸ್ಪಷ್ಟವಿತ್ತು. ಆ ಭಾನುವಾರ ಅವರ ಊರಿಗೇ ಹೋದೆ.

ಗುಡ್ಡವನ್ನು ಮೊದಲ ಸಲ ನೋಡಿದ್ದು ಅಂದು. ಬುಡದಲ್ಲಿ ಕಪ್ಪು, ನೆತ್ತಿಯಲ್ಲಿ ಹೊಂಬಣ್ಣ. ಅದರ ಸುತ್ತ ನಡೆಯುತ್ತಾ ನಾನು ಟ್ಯಾನಿನ್ನಿನ ವಿಚಾರ ಹೇಳಿದೆ, ರಾಸಾಯನಿಕ ಕ್ರಿಯೆಯ ವಿಚಾರ ಹೇಳಿದೆ, ಹಳೆಯದೇ ಶುದ್ಧ, ಹೊಸದೇ ಕೊಳೆ ಎಂದು ತಿರುಗಿಸಿ ಹೇಳಿದೆ. ಅವರು ಎಲ್ಲವನ್ನೂ ಗೌರವದಿಂದ ಕೇಳಿದರು. "ನೀವು ಹೇಳೋದು ಸರೀನೇ. ಆದ್ರೂ ಮನಸ್ಸು ಒಪ್ಪಲ್ಲ," ಎಂದರು. ಬಂಡೆಯನ್ನಾದರೂ ನನ್ನ ಯಂತ್ರ ಒಡೆದೀತು, ಈ ಮಾತಿಗೆ ನನ್ನಲ್ಲಿ ಯಂತ್ರವಿರಲಿಲ್ಲ. ಸೋತು, ಊಟಕ್ಕೆ ಏಳಿ ಎಂದಾಗ ಎದ್ದು ಅವರ ಮನೆಗೆ ಹೋದೆ.

ಮುದ್ದೆ, ಅವರೆಕಾಳಿನ ಸಾರು, ಆಮೇಲೆ ಅನ್ನ. ಅನ್ನ ಮಲ್ಲಿಗೆಯಂತೆ ಉದುರುದುರಾಗಿತ್ತು. ಹೊಗಳುವುದು ನನ್ನ ಜಾಯಮಾನವಲ್ಲ, ಆದರೂ ಹೊಗಳಿದೆ.

"ಹಳೇ ಅಕ್ಕಿ ಮೇಡಮ್ಮೋರೇ," ಎಂದರು ಪಾರ್ವತಮ್ಮ, ಇನ್ನೊಂದು ಸೌಟು ಹಾಕುತ್ತಾ. "ಎರಡು ವರ್ಸದ್ದು. ಹೊಸ ಅಕ್ಕಿ ಅನ್ನ ಅಂಟಂಟು. ಬಂದೋರಿಗೆ ಬಡಿಸಾಕಾಯ್ತದಾ?"

"ಮಠದ ದಾಸೋಹಕ್ಕೆ ಯಾವ ಅಕ್ಕಿ ಕಳಿಸ್ತೀರಿ?" ಎಂದು ಕೇಳಿದೆ.

"ಹಳೇದೇ. ಅಷ್ಟು ಜನಕ್ಕೆ ಹೊಸದು ಬೇಯ್ಸುದ್ರೆ ಮುದ್ದೆಯಾಗಿ…"

ಅಲ್ಲಿಗೆ ಮಾತು ನಿಲ್ಲಿಸಿದರು. ಸೌಟು ಹಿಡಿದುಕೊಂಡೇ ಬಾಗಿಲಿನಾಚೆ ಕಾಣುತ್ತಿದ್ದ ಗುಡ್ಡವನ್ನು ನೋಡಿದರು. ನಾನು ಮತ್ತೇನೂ ಹೇಳಲಿಲ್ಲ. ಜೀವನದಲ್ಲಿ ಬಾಯಿ ಮುಚ್ಚಿಕೊಂಡದ್ದು ಸಾರ್ಥಕವಾದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು. ಊಟ ಮುಗಿದು ಕೈ ತೊಳೆದು ಬರುವಷ್ಟರಲ್ಲಿ ಅವರು ಸೆರಗು ಸಿಕ್ಕಿಸಿ, ಬುಟ್ಟಿ ಹಿಡಿದು ಹೊರಟಿದ್ದರು.

"ನಾಯಿ ಮಲಗಿರೋ ಕಡೇದು ಬ್ಯಾಡ. ಒಳಗಿಂದು ಅಗ್ದು ತೆಗೀತೀನಿ," ಎಂದರು.

ಎರಡನೇ ಕಂತಿಗೆ ನಾನೇ ಸೈಟಿನಲ್ಲಿ ನಿಂತೆ. ಪ್ರತಿ ಚೀಲದಿಂದ ಒಂದು ಹಿಡಿ ತೆಗೆದು ಲೋಟದ ನೀರಿಗೆ ಹಾಕಿ ನೋಡುವುದು, ಬಣ್ಣ ಬಿಟ್ಟರೆ ಆ ಚೀಲ ವಾಪಸ್ಸು. ತಿಪ್ಪೇಶಪ್ಪನ ಗಾರೆಯವರು ನನಗೆ ಚಾ ಮೇಡಂ ಎಂದು ಹೆಸರಿಟ್ಟರಂತೆ. ಇಡಲಿ. ಮೂರನೇ ದಿನ ಬ್ಲಾಕಿನ ಅಂಚನ್ನು ಹೆಬ್ಬೆರಳಲ್ಲಿ ಒತ್ತಿದೆ, ಉದುರಲಿಲ್ಲ. ಅಲ್ಲಿಂದ ಮುಂದೆ ಪಾರ್ವತಮ್ಮ ದಿನ ಬಿಟ್ಟು ದಿನ ಫೋನ್ ಮಾಡಿ, "ಗಟ್ಟಿ ಆಯ್ತಾ?" ಎಂದು ಮಾತ್ರ ಕೇಳಿ ಇಟ್ಟುಬಿಡುತ್ತಿದ್ದರು.

ಇಪ್ಪತ್ತೆಂಟನೇ ದಿನ ಇಬ್ಬರೂ ಕಡೂರಿಗೆ ಬಂದರು. ಬ್ಲಾಕನ್ನು ಯಂತ್ರದ ಬಾಯಿಗಿಟ್ಟು ಸ್ವಿಚ್ ಒತ್ತಿದೆ. ಮುಳ್ಳು ನಿಧಾನವಾಗಿ ಏರತೊಡಗಿತು. ಪಾರ್ವತಮ್ಮ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು, ತಿಪ್ಪೇಶಪ್ಪ ಮುಳ್ಳಿನ ಮೇಲೆ ಕಣ್ಣು ನೆಟ್ಟಿದ್ದರು. ಮುಳ್ಳು ನಮ್ಮ ಗುರಿಯ ಗೆರೆ ಮುಟ್ಟಿತು, ದಾಟಿತು, ಇನ್ನೂ ಮುಂದೆ ಹೋಗಿ ಆಮೇಲೆ ಬ್ಲಾಕು ಚಟ್ಟೆಂದಿತು. ಸದ್ದಿಗೆ ಪಾರ್ವತಮ್ಮ ಬೆಚ್ಚಿಬಿದ್ದರು.

"ಒಡೆದೋಯ್ತಾ?"

"ಒಡೀಲೇಬೇಕು ಕಣಮ್ಮ. ಯಾವಾಗ ಒಡೀತು ಅನ್ನೋದು ಲೆಕ್ಕ," ಎಂದರು ತಿಪ್ಪೇಶಪ್ಪ, ನನಗಿಂತ ಮೊದಲೇ. "ನಾಳೆ ಟ್ರ್ಯಾಕ್ಟರ್ ಕಳಿಸ್ತೀನಿ."

ಯುಗಾದಿಗೆ ಮುಂಚೆ ಪಂಚಾಯಿತಿಯವರು ಬಂದಾಗ ಗುಡ್ಡದ ಒಂದು ಮಗ್ಗುಲು ಕರಗಿ, ಟ್ರ್ಯಾಕ್ಟರಿನ ಚಕ್ರದ ಗುರುತು ರಸ್ತೆಯ ತನಕ ಇತ್ತು. ಬೀಗದ ಮಾತು ಅಲ್ಲಿಗೇ ನಿಂತಿತು. ಹೊಸ ಪುಡಿಯನ್ನು ಬೇರೆ ಕಡೆ ಸುರುವಿ ಮಳೆಗೆ ಬಿಡಬೇಕು, ಅದರ ಕೆಂಪು ನೀರು ಕಟ್ಟೆಗೆ ಹೋಗದಂತೆ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ಹಿಡಿಯಬೇಕು ಎಂದು ನಾನು ಷರತ್ತು ಹಾಕಿದೆ. ಪಾರ್ವತಮ್ಮ ಆ ಬೇಸಿಗೆಯಲ್ಲೇ ಗುಂಡಿ ತೋಡಿಸಿದರು. ಇಪ್ಪತ್ತು ಹೆಣ್ಣುಮಕ್ಕಳಲ್ಲಿ ಒಬ್ಬರೂ ಕೆಲಸ ಬಿಡಬೇಕಾಗಲಿಲ್ಲ.

ಕೋಣೆಗಳ ಗೋಡೆ ಎದ್ದ ಮೇಲೆ, ಗಿಲಾವಿಗೆ ಮುಂಚೆ, ಅವರೊಂದಿಗೆ ಅಜ್ಜಂಪುರಕ್ಕೆ ಹೋದೆ. ಅವರು ಚಪ್ಪಲಿ ಕೆಳಗೇ ಬಿಟ್ಟು ಮಹಡಿ ಹತ್ತಿ, ಗೋಡೆಯುದ್ದಕ್ಕೂ ಕೈಯಾಡಿಸಿಕೊಂಡು ನಡೆದರು. ಆಮೇಲೆ ಒಂದು ಕಡೆ ನಿಂತು ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿಗೊಟ್ಟು ಕೇಳಿ, ನನ್ನ ಕಡೆ ತಿರುಗಿದರು.

"ಹದವಾಗಿ ಬೆಂದೈತೆ ಮೇಡಮ್ಮೋರೇ," ಎಂದರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತೆಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಕೆಲಸ ಕೆಟ್ಟರೆ ಎಲ್ಲಿ ಕದ್ದಿದ್ದಾರೆ ಎಂದು ಹುಡುಕುವುದನ್ನು ನನ್ನ ವೃತ್ತಿ ಮೊದಲ ದಿನದಿಂದ ಕಲಿಸಿತ್ತು. ಎಲ್ಲಿ ಪ್ರೀತಿಯಿಂದ ಹೆಚ್ಚಿಗೆ ಮಾಡಿದ್ದಾರೆ ಎಂದು ಹುಡುಕುವುದನ್ನು ಕಲಿಸಿದ್ದು ನನ್ನ ಸೇವೆಯ ಕೊನೆಯ ಎರಡು ವರ್ಷ. ಅಲ್ಲಿಂದ ಮುಂದೆ ನನ್ನ ಷೆಡ್ಡಿಗೆ ಯಾರು ಏನೇ ತಂದರೂ ಅದರ ತೂಕ, ಅಳತೆ ಕೇಳುವ ಮೊದಲು, ಇದನ್ನು ಯಾರಿಗಾಗಿ ಕಟ್ಟುತ್ತೀರಿ ಎಂದು ಕೇಳುತ್ತಿದ್ದೆ. ದೇವಸ್ಥಾನಕ್ಕೆ, ಮಗಳ ಮನೆಗೆ, ಊರ ಶಾಲೆಗೆ ಎಂದರೆ, ನನಗೆ ತಂದದ್ದೂ ಅಲ್ಲಿಗೆ ಕಳಿಸುವುದೂ ಒಂದೇ ಹೌದೋ ಎಂದು ನೋಡಲು ಎರಡು ಲೋಟ ನೀರು ತರಿಸುತ್ತಿದ್ದೆ.